ಮೈಸೂರಿನ ಹೊರವಲಯದ ನಿವೃತ್ತರ ಬಡಾವಣೆ: ಆರು ವರ್ಷ ಇದ್ದು ಬರೆಯುತ್ತಿದ್ದೇನೆ

2019ರ ಜೂನ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ಹಾಸನದ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದೆವು. ನನಗೆ ಆಗ 63, ಅವರಿಗೆ 68. ಬೆಂಗಳೂರಿಗೇ ಬಂದುಬಿಡಿ ಎಂದು ಮಗ ಕರೆದಿದ್ದ. ಹನ್ನೊಂದನೆಯ ಮಹಡಿಯಲ್ಲಿ ಹಗಲೆಲ್ಲ ಇಬ್ಬರೇ ಕೂರುವುದು ಅವರಿಗೆ ಒಗ್ಗಲಿಲ್ಲ. ಹಾಸನದಲ್ಲೇ ಉಳಿಯೋಣವೆಂದರೆ ಮೆಟ್ಟಿಲು, ಅವರ ಮಂಡಿನೋವು.

ಮರುವರ್ಷದ ಲಾಕ್‌ಡೌನ್‌ನಲ್ಲಿ ಈ ಜಾಗದ ಬೆಲೆ ತಿಳಿಯಿತು. ಮೂರು ಹೊತ್ತೂ ಊಟದ ಡಬ್ಬಿ ಬಾಗಿಲಿಗೆ ಬರುತ್ತಿತ್ತು. ಬಿ.ಪಿ. ಮಾತ್ರೆ ಮುಗಿಯುವ ಮೊದಲೇ ನರ್ಸ್ ಕೇಳಿ ತರಿಸಿಕೊಡುತ್ತಿದ್ದರು. ಹಾಸನದಲ್ಲಿ ಒಬ್ಬಳೇ ಇದ್ದ ನನ್ನ ಅಕ್ಕ ಆಗ ಹಾಲಿಗೂ ಪಕ್ಕದ ಮನೆಯವರ ದಾರಿ ಕಾಯುತ್ತಿದ್ದಳು. ಊಟ ಮೊದಲ ವರ್ಷ ಸಪ್ಪೆ. ನಿವಾಸಿಗಳ ಸಮಿತಿ ಪಟ್ಟು ಹಿಡಿದ ಮೇಲೆ ಗುರುವಾರ ಮುದ್ದೆ, ಬಸ್ಸಾರು ಬಂತು.

2023ರ ಮಳೆಗಾಲದಲ್ಲಿ ಯಜಮಾನರು ಬೆಳಗಿನ ಜಾವ ಬಚ್ಚಲಲ್ಲಿ ಜಾರಿ ಬಿದ್ದರು. ಗೋಡೆಯಲ್ಲಿ ಎಚ್ಚರಿಕೆ ಗಂಟೆಯ ಹಗ್ಗ ಇತ್ತು, ಆದರೆ ಅದು ನಿಂತವರ ಎದೆಯ ಮಟ್ಟಕ್ಕೆ ನಿಂತಿತ್ತು. ನೆಲದ ಮೇಲೆ ಬಿದ್ದವರ ಕೈಗೆ ಅದು ಹೇಗೆ ಸಿಗಬೇಕು? ಅವರು ತಂಬಿಗೆಯಿಂದ ಬಕೆಟ್ಟಿಗೆ ಬಡಿದ ಸದ್ದಿಗೆ ನನಗೆ ಎಚ್ಚರವಾಯಿತು. ಆಸ್ಪತ್ರೆಯಿಂದ ಬಂದ ದಿನವೇ ಹಳೆಯ ಸೀರೆಯ ಅಂಚು ಹರಿದು ಆ ಹಗ್ಗಕ್ಕೆ ಗಂಟು ಹಾಕಿ ನೆಲದವರೆಗೆ ಇಳಿಬಿಟ್ಟೆ. ಈಗ ನಮ್ಮ ಸಾಲಿನ ಏಳು ಮನೆಗಳಲ್ಲೂ ಹಾಗೆಯೇ ಇದೆ.

ಆಂಬುಲೆನ್ಸ್ ತಡಮಾಡಲಿಲ್ಲ, ಸೊಂಟದ ಶಸ್ತ್ರಚಿಕಿತ್ಸೆಯೂ ಚೆನ್ನಾಗಿ ಆಯಿತು. ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ತಮ್ಮ ಹೊಣೆಯಲ್ಲ, ಒಪ್ಪಂದ ಓದಿ ಎಂದರು ಆಡಳಿತದವರು. ಓದಿದೆ. ಈ ಮನೆಗಳು 'ಸ್ವತಂತ್ರವಾಗಿ ಓಡಾಡಬಲ್ಲವರಿಗೆ' ಎಂದು ಹದಿನಾಲ್ಕನೆಯ ಪುಟದಲ್ಲಿ ಒಂದೇ ಸಾಲು. ಏಜೆನ್ಸಿಯಿಂದ ಸಹಾಯಕಿಯನ್ನು ಗೊತ್ತುಮಾಡಿಕೊಂಡೆವು: ತಿಂಗಳಿಗೆ 26,000 ರೂಪಾಯಿ, ಊಟ ಬೇರೆ. ಐದು ತಿಂಗಳು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿದ ನಾನೇ ಆ ಸಾಲನ್ನು ಕೇಳಿ ತಿಳಿದುಕೊಳ್ಳಲಿಲ್ಲ ಎಂಬ ಸಂಕಟ ಇನ್ನೂ ಇದೆ.

ಹಣದ ಲೆಕ್ಕ ಹೇಳಲೇಬೇಕು. ನಿರ್ವಹಣಾ ಶುಲ್ಕ ನಾವು ಬಂದಾಗ 11,500 ಇತ್ತು, ಈಗ 16,800. ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಹಣದ ಮಿತಿ 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಪೂರ್ತಿ ಇಟ್ಟರೆ ಶೇ 8.2ರಂತೆ ಮೂರು ತಿಂಗಳಿಗೆ 61,500 ರೂಪಾಯಿ. ಆದರೆ ಆ ಬಡ್ಡಿ ಐದು ವರ್ಷ ಕದಲುವುದಿಲ್ಲ, ಶುಲ್ಕ ಮಾತ್ರ ವರ್ಷ ವರ್ಷ ಏರುತ್ತದೆ. ಹಾಸನದ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟದ್ದರಿಂದಲೇ ನಾವು ಆ ಐದು ತಿಂಗಳು ಮಗನ ಮುಂದೆ ಕೈಯೊಡ್ಡದೆ ದಾಟಿದೆವು.

ಮನೆ ನಮ್ಮ ಹೆಸರಿನಲ್ಲೇ ನೋಂದಣಿಯಾಗಿದೆ. ಆದರೂ ಇಲ್ಲಿ ವಾಸಿಸಲು 55 ದಾಟಿರಬೇಕು. ಮಗನಿಗೆ ಮನೆ ಸೇರುತ್ತದೆ, ಅವನಿಗೆ ವಯಸ್ಸಾಗುವವರೆಗೆ ಇಲ್ಲಿ ಇರುವಂತಿಲ್ಲ. ಮಾರಿದರೆ ಸಂಸ್ಥೆಗೆ ವರ್ಗಾವಣೆ ಶುಲ್ಕ. ಎದುರು ಮನೆಯ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆ ಹದಿನಾಲ್ಕು ತಿಂಗಳು ಮಾರಾಟವಾಗದೆ ಬಾಗಿಲು ಹಾಕಿಯೇ ಇತ್ತು.

ಇಷ್ಟಿದ್ದೂ ನಾವು ಬಿಟ್ಟು ಹೋಗುವ ಯೋಚನೆ ಮಾಡಿಲ್ಲ. ಯಜಮಾನರು ಊರುಗೋಲು ಹಿಡಿದು ಸಂಜೆ ಐದಕ್ಕೆ ಕಲ್ಲುಬೆಂಚಿಗೆ ಹೋಗುತ್ತಾರೆ. ಹತ್ತು ನಿಮಿಷ ತಡವಾದರೆ ಯಾರಾದರೂ ಬಾಗಿಲು ತಟ್ಟಿ 'ಏನಾಯಿತು ರಾಯರೇ' ಎಂದು ವಿಚಾರಿಸುತ್ತಾರೆ.

ನನ್ನ ತಂಗಿ, ಅವಳ ಗಂಡ ಬರುವ ತಿಂಗಳು ಮನೆ ನೋಡಲು ಬರುತ್ತಿದ್ದಾರೆ. ಮುಂಗಡ ಕೊಡಬೇಡಿ, ಮೊದಲು ಅತಿಥಿ ಕೋಣೆಯಲ್ಲಿ ಹದಿನೈದು ದಿನ ಇದ್ದು ನೋಡಿ, ಒಂದು ರಾತ್ರಿ ಎರಡು ಗಂಟೆಗೆ ಆ ಗಂಟೆಯ ಹಗ್ಗ ಎಳೆದು ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಗಡಿಯಾರ ನೋಡಿಕೊಳ್ಳಿ ಎಂದಿದ್ದೇನೆ.