ಶಿರಸಿಯ ಕೌದಿ ಬಳಗದ ಸವಾಲುಗಳು: ಒಂದು ವರ್ಷದ ಲೆಕ್ಕ

ಶಿರಸಿಯಲ್ಲಿ ಹೊಲಿಗೆ ಸಾಮಗ್ರಿ ಮಾರುವ ಅಂಗಡಿಯೊಂದರ ಮಹಡಿಯ ಮೇಲೆ ತಿಂಗಳಿಗೊಮ್ಮೆ ಕೌದಿ ಹೊಲಿಯುವವರ ಬಳಗ ಸೇರುತ್ತದೆ. ಸದಸ್ಯರೆಲ್ಲರೂ ಒಂದೇ ನಿಯಮಕ್ಕೆ ಒಳಪಟ್ಟು ತಮ್ಮ ತಮ್ಮ ಕಲ್ಪನೆಯಂತೆ ಹೊಲಿದು ತರುವ ಸವಾಲುಗಳನ್ನು ಈ ಬಳಗ ವರ್ಷವಿಡೀ ನಡೆಸುತ್ತದೆ. ವಾರ್ಷಿಕ ಶುಲ್ಕ 1,800 ರೂಪಾಯಿ. ಅದರಲ್ಲಿ ಸವಾಲಿನ ಬಟ್ಟೆ ಮತ್ತು ಚಹಾ ಸೇರಿವೆ. ಒಳಪದರ, ದಾರ, ಅಸ್ತರಿನ ಖರ್ಚು ನಮ್ಮದೇ. ಸೇರಬಹುದೇ ಎಂದು ಕೇಳುವವರಿಗೆ ಸೇರಿ ಎಂದೇ ಹೇಳುತ್ತೇನೆ. ಆದರೆ ಎಲ್ಲ ಸವಾಲುಗಳೂ ಒಂದೇ ತೂಕದವಲ್ಲ. ಸಾಮಗ್ರಿಯ ವಿಷಯದಲ್ಲಿ ನಿಯಮ ಬಿಗಿಯಾಗಿದ್ದು, ಏನು ಮಾಡಬೇಕೆಂಬುದನ್ನು ಹೊಲಿಯುವವರಿಗೇ ಬಿಟ್ಟಲ್ಲೆಲ್ಲ ಒಳ್ಳೆಯ ಕೆಲಸ ಬಂದಿದೆ. ಅದಕ್ಕೆ ತಿರುಗುಮುರುಗಾದಲ್ಲಿ ಗೊಂದಲವೇ ಹೆಚ್ಚು.

ಮೊದಲನೆಯದು ಒಂದೇ ಬಟ್ಟೆಯ ಸವಾಲು. ಎಲ್ಲರಿಗೂ ಗುಳೇದಗುಡ್ಡದ ಖಣದ ಒಂದೇ ಬಣ್ಣದ ತುಂಡನ್ನು ಕೊಟ್ಟು, ಅದು ಕೌದಿಯ ಮುಂಭಾಗದಲ್ಲಿ ಗುರುತು ಸಿಗುವಷ್ಟು ಕಾಣಬೇಕು, ಉಳಿದ ಬಟ್ಟೆ ನಿಮ್ಮಿಷ್ಟ ಎಂದರು. ಖಣ ಕುಪ್ಪಸಕ್ಕೆಂದು ನೇಯ್ದ ಬಟ್ಟೆ. ಕಾಲು ಇಂಚಿನ ಅಂಚು ಬಿಟ್ಟು ಹೊಲಿದರೆ ಎಳೆ ಬಿಚ್ಚಿಕೊಳ್ಳುತ್ತದೆ, ಇಸ್ತ್ರಿ ಬಿಸಿಯಾದರೆ ಹೊಳಪು ಕೆಡುತ್ತದೆ. ಕೆಲವರು ತೆಳುವಾಗಿ ಗಂಜಿ ಹಾಕಿ ಗಟ್ಟಿ ಮಾಡಿಕೊಂಡರು, ಕೆಲವರು ಹಿಂದೆ ತೆಳ್ಳನೆಯ ಮಲ್ಲು ಬಟ್ಟೆ ಕೊಟ್ಟು ಹೊಲಿದರು. ಒಂದೇ ತುಂಡಿನಿಂದ ಒಬ್ಬರು ತೊಟ್ಟಿಲ ಕೌದಿಯ ಅಂಚನ್ನೂ ಇನ್ನೊಬ್ಬರು ಗೋಡೆಗೆ ತೂಗುವ ಅಡಿಕೆ ತೋಟದ ಚಿತ್ರವನ್ನೂ ಮಾಡಿ ತಂದಾಗ, ಬಟ್ಟೆ ಹಂಚಿದವರಿಗೇ ಆಶ್ಚರ್ಯವಾಯಿತು. ಹೊಸದಾಗಿ ಸೇರುವವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ವರ್ಷದ ಅತ್ಯುತ್ತಮ ಸವಾಲು ಮಾತ್ರ ಕಾವಿ ಎಂಬ ಗೋಡೆಯ ಕಲೆಯದು. ಕೆಂಪು ಮತ್ತು ಬಿಳಿ, ಎರಡೇ ಬಣ್ಣ. ಮೂರನೆಯದು ದಾರದಲ್ಲಿಯೂ ಕಾಣಬಾರದು. ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಈ ಕಲೆಯಿದೆ. ಶಿರಸಿಯವರಿಗೆ ಮಾರಿಕಾಂಬಾ ದೇವಸ್ಥಾನದ ಪೌಳಿಯ ಗೋಡೆಯೇ ಸಾಕು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಹಚ್ಚಿ, ಅದು ಪೂರ್ತಿ ಒಣಗುವ ಮೊದಲೇ ಚೂಪಾದ ಉಪಕರಣದಿಂದ ಕೆರೆದು ಕೆಳಗಿನ ಬಿಳಿಯನ್ನು ತೋರಿಸುವುದು ಕಾವಿಯ ಕ್ರಮ. ಇದನ್ನು ಮನಸ್ಸಿನಲ್ಲಿಟ್ಟುಕೊಂಡ ಸದಸ್ಯೆಯೊಬ್ಬರು ಬಿಳಿಯ ಮೇಲೆ ಕೆಂಪು ಹೂವನ್ನು ಅಂಟಿಸುವ ಮಾಮೂಲು ದಾರಿ ಬಿಟ್ಟು, ಬಿಳಿ ಬಟ್ಟೆಯನ್ನು ಕೆಳಗಿಟ್ಟು, ಮೇಲಿನ ಕೆಂಪು ಬಟ್ಟೆಯನ್ನು ಕಮಲದ ದಳದ ಆಕಾರಕ್ಕೆ ಕತ್ತರಿಸಿ, ಅಂಚನ್ನು ಸೂಜಿಯ ತುದಿಯಿಂದ ಒಳಕ್ಕೆ ಮಡಚುತ್ತ ಕಾಣದ ಹೊಲಿಗೆ ಹಾಕಿದ್ದರು. ರಿವರ್ಸ್ ಅಪ್ಲಿಕ್ ಎಂದು ಕರೆಯುವ ಈ ವಿಧಾನದಲ್ಲಿ ಒಳಬಾಗಿನ ತಿರುವುಗಳಿಗೆ ಪುಟ್ಟ ಪುಟ್ಟ ಕತ್ತರಿ ಗುರುತು ಕೊಡದಿದ್ದರೆ ಬಟ್ಟೆ ಸುಕ್ಕುತ್ತದೆ, ಹೆಚ್ಚು ಕೊಟ್ಟರೆ ಎಳೆ ಬಿಡುತ್ತದೆ. ದಳದ ತುದಿ ಸೇರುವಲ್ಲಿ ಅವರು ಮೂರು ಹೊಲಿಗೆಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಹಾಕಿದ್ದರು. ಅಷ್ಟು ಹತ್ತಿರ ಹಿಡಿದು ನೋಡಿದರೂ ದಾರ ಕಾಣಲಿಲ್ಲ. ಗೋಡೆಯಲ್ಲಿ ಕೆರೆದು ಮಾಡುವ ಕೆಲಸವನ್ನು ಬಟ್ಟೆಯಲ್ಲಿ ಕತ್ತರಿಸಿ ಮಾಡಿದ ಈ ಯೋಚನೆಯನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಿಯಮದ ಬಿಗಿಯೇ ಅವರನ್ನು ಅಲ್ಲಿಗೆ ಒಯ್ದಿತ್ತು.

ಎರಡೇ ಬಣ್ಣ ಬೇಸರ ತರಿಸೀತು ಎನ್ನುವವರಿಗೆ ಒಂದು ಮಾಹಿತಿ: ನ್ಯೂಯಾರ್ಕಿನಲ್ಲಿ 2011ರಲ್ಲಿ ಕೆಂಪು ಮತ್ತು ಬಿಳಿಯ 651 ಕ್ವಿಲ್ಟುಗಳನ್ನು, ಅಂದರೆ ಅಲ್ಲಿನ ಕೌದಿಗಳನ್ನು, ಒಟ್ಟಿಗೆ ತೂಗುಹಾಕಿ ಪ್ರದರ್ಶಿಸಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಜೋಡಿ ಅಷ್ಟು ಜನಪ್ರಿಯವಾಗಲು ಟರ್ಕಿ ರೆಡ್ ಎಂಬ, ಒಗೆದರೂ ಬಿಡದ ಬಣ್ಣ ಒಂದು ಮುಖ್ಯ ಕಾರಣ. ನಮಗೆ ಹಂಚಿದ ಕೆಂಪು ಬಟ್ಟೆಗೆ ಆ ಗುಣವಿರಲಿಲ್ಲ. ಮೊದಲ ಒಗೆತಕ್ಕೇ ನನ್ನ ಬಿಳಿ ಭಾಗವೆಲ್ಲ ನಸುಗೆಂಪಾಯಿತು. ಒದ್ದೆ ಮಾಡಿದ ಚೂರನ್ನು ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿದರೆ ಬಣ್ಣ ಬಿಡುತ್ತದೆಯೋ ಇಲ್ಲವೋ ತಿಳಿಯುತ್ತದೆ. ಹಂಚುವವರು ಇಷ್ಟನ್ನು ಮಾಡಿಯೇ ಕೊಡಬೇಕಿತ್ತು. ಶುಲ್ಕ ಪಡೆದು ಬಟ್ಟೆ ಕೊಡುವ ಕಡೆ ಇದು ಸಣ್ಣ ದೂರಲ್ಲ.

ಅರ್ಧಕ್ಕೆ ನಿಂತ ಕೆಲಸಗಳನ್ನು ಪಟ್ಟಿ ಮಾಡಿ, ಪ್ರತಿ ತಿಂಗಳು ಚೀಟಿ ಎತ್ತಿದ ಸಂಖ್ಯೆಯ ಕೆಲಸವನ್ನು ಮುಗಿಸುವ ಸವಾಲೂ ಇತ್ತು. ಉಪಯುಕ್ತ, ಆದರೆ ಅದರಲ್ಲಿ ಬರೆಯುವಂಥದ್ದೇನೂ ಇಲ್ಲ.

ಕೈಯಿಂದ ಕೈಗೆ ಹೋಗುವ ಕೌದಿಯ ಬಗ್ಗೆ ಮಾತ್ರ ಎಚ್ಚರಿಕೆ ಹೇಳಬೇಕು. ರೌಂಡ್ ರಾಬಿನ್ ಎಂಬ ಈ ಪದ್ಧತಿಯಲ್ಲಿ ಒಬ್ಬರು ನಡುವಿನ ಚೌಕವನ್ನು ಹೊಲಿದು ಮುಂದಿನವರಿಗೆ ಕೊಡುತ್ತಾರೆ. ಅವರು ಸುತ್ತ ಒಂದು ಅಂಚು ಸೇರಿಸಿ ಮತ್ತೊಬ್ಬರಿಗೆ ದಾಟಿಸುತ್ತಾರೆ. ಹನ್ನೆರಡೂವರೆ ಇಂಚಿನ ಚೌಕವನ್ನು ಎರಡೂ ಬದಿಗೆ ಕಾಲು ಕಾಲು ಇಂಚು ಬಿಟ್ಟು ಜೋಡಿಸಿದರೆ ನಿವ್ವಳ ಹನ್ನೆರಡು ಇಂಚು ಉಳಿಯಬೇಕು. ಆದರೆ ನಮ್ಮಲ್ಲಿ ಬಹುತೇಕರು ಬಟ್ಟೆ ಹೊಲಿಯುವ ಮೆಷಿನ್ನಿನಲ್ಲಿಯೇ ಕೌದಿ ಹೊಲಿಯುವವರು. ಅದರ ಪಾದದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗದ) ಅಗಲ ಕಾಲು ಇಂಚಿಗೆ ಸರಿಹೊಂದುವುದಿಲ್ಲ. ಒಂದು ಜೋಡಣೆಗೆ ಹದಿನಾರನೇ ಒಂದು ಇಂಚು ತಪ್ಪಿದರೆ ಎಂಟು ಜೋಡಣೆಗೆ ಅರ್ಧ ಇಂಚು ತಪ್ಪುತ್ತದೆ, ಆಮೇಲೆ ಯಾವ ಅಂಚೂ ಮೂಲೆಗೆ ಕೂಡುವುದಿಲ್ಲ. ಮೊದಲ ಸಭೆಯಲ್ಲಿಯೇ ಪ್ರತಿಯೊಬ್ಬರ ಮೆಷಿನ್ನಿನ ಸೂಜಿಯಿಂದ ಕಾಲು ಇಂಚು ಅಳೆದು ಟೇಪು ಅಂಟಿಸಿಕೊಳ್ಳಲು ಹೇಳಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಅದರ ಮೇಲೆ, ಕಾರವಾರ ಮತ್ತು ಕುಮಟಾದ ಸದಸ್ಯೆಯರಿಗೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವ ಈ ಸವಾಲನ್ನು ಮಳೆಗಾಲದಲ್ಲಿ ಇಟ್ಟರು. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ರಸ್ತೆ ಬಂದಾಗುವುದು ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೊಸದಲ್ಲ. ಕೆಲವು ಕೌದಿಗಳು ಯಾರ ಮನೆಯಲ್ಲಿವೆ ಎಂಬುದೇ ದೀಪಾವಳಿಯವರೆಗೆ ತಿಳಿಯಲಿಲ್ಲ. ಬಂದವುಗಳಿಗೂ ಮುಗ್ಗುಲು ವಾಸನೆ ಹಿಡಿದಿತ್ತು.

ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಕೌದಿಯ ಸವಾಲಿಗೆ ಬಳಗ ಯಲ್ಲಾಪುರದ ಕಡೆಯಿಂದ ಅನುಭವಿ ಹಿರಿಯರೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಿತ್ತು. ಇದು ಮೆಚ್ಚತಕ್ಕ ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಗಳಲ್ಲಿರುವ ಸಿದ್ದಿ ಹೆಣ್ಣುಮಕ್ಕಳು ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚನ್ನೇ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ. ಚೂರುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವ ಪದ್ಧತಿ ಇಲ್ಲಿಲ್ಲ. ಚೂರನ್ನು ಇಡುವುದು, ಅಂಚು ಮಡಚುವುದು, ಪದರಗಳನ್ನು ಕೂಡಿಸುವುದು ಎಲ್ಲವೂ ಅದೇ ಸೂಜಿಯ ಅದೇ ಸಾಲಿನಲ್ಲಿ ಆಗುತ್ತದೆ. ಕೊನೆಗೆ ಮೂಲೆಗಳಿಗೆ ಮಡಿಚಿದ ಬಟ್ಟೆಯ ತ್ರಿಕೋನಗಳನ್ನು ಫೂಲ ಎಂದು ಹೊಲಿಯುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬಟ್ಟೆ ಕತ್ತರಿಸುವ ರೋಟರಿ ಕಟರ್, ಸ್ಕೇಲು, ಮ್ಯಾಟ್ ಯಾವುದನ್ನೂ ಮುಟ್ಟಬಾರದೆಂಬುದು ಆ ದಿನದ ನಿಯಮವಾಗಿತ್ತು. ಸೀಸದ ಕಡ್ಡಿಯಿಂದ ಗುರುತು ಹಾಕಲು ಹೋದವರೊಬ್ಬರನ್ನು ಆ ಹಿರಿಯರು, ‘ಗೆರೆ ಬೇಡ ತಂಗಿ, ಹಿಂದಿನ ಸಾಲನ್ನೇ ನೋಡಿ ಹೊಲಿ’ ಎಂದು ತಡೆದರು. ಎಡಗೈಯ ಬೆರಳನ್ನು ಕೌದಿಯ ಅಡಿಯಲ್ಲಿ ಇಟ್ಟುಕೊಂಡು, ಸೂಜಿಯ ತುದಿ ತಾಗಿದ ಕೂಡಲೇ ಮೇಲಕ್ಕೆ ತಳ್ಳಿ, ನಾಲ್ಕೈದು ಹೊಲಿಗೆಗಳನ್ನು ಒಟ್ಟಿಗೇ ಸೂಜಿಗೆ ಏರಿಸಿ ದಾರ ಎಳೆಯುವ ಅವರ ವೇಗವನ್ನು ನಾವು ಯಾರೂ ಮುಟ್ಟಲಿಲ್ಲ.

ಇಷ್ಟು ಚೆನ್ನಾಗಿ ನಡೆದ ದಿನವನ್ನು ತೀರ್ಪಿನ ವೇಳೆಗೆ ಕೆಡಿಸಿದರು. ಉಳಿದ ಸವಾಲುಗಳಿಗೆ ಬಳಸಿದ ಅಂಕಪಟ್ಟಿಯನ್ನೇ ಇದಕ್ಕೂ ಬಳಸಿ, ಹೊಲಿಗೆಗಳ ಸಮಾನ ಅಂತರಕ್ಕೂ ಮೂಲೆಗಳ ನೇರಕ್ಕೂ ಅಂಕ ಕೊಟ್ಟರು. ಸಾಲು ಬಾಗಿ ಬರುವುದೇ ಈ ಕೌದಿಯ ನಡೆ. ಅದನ್ನು ದೋಷವೆಂದು ಅಂಕ ಕಡಿದರೆ, ಕಲಿಸಲು ಬಂದವರ ಕೌದಿಗೂ ಬಹುಮಾನ ಸಿಗಲಿಕ್ಕಿಲ್ಲ. ಸಂಘಟಕರಿಗೆ ಇದನ್ನು ಬರೆದು ಕೊಟ್ಟಿದ್ದೇನೆ. ಜೊತೆಗೆ, ಕಲಿತ ಮೇಲೆ ಆ ಮಾದರಿಯ ಕೌದಿಗಳನ್ನು ಸಿದ್ದಿ ಕೌದಿ ಎಂದು ಹೆಸರಿಟ್ಟು ಮಾರುವುದು ಸಲ್ಲದು, ಬೇಕಾದವರು ಹೊಲಿಯುವವರಿಂದಲೇ ಕೊಳ್ಳಲಿ ಎಂದು ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸುವುದು ಒಳ್ಳೆಯದು.

ವರ್ಷದ ಕೊನೆಯ ಪ್ರದರ್ಶನದಲ್ಲಿ ನೋಡಲು ಬಂದವರ ಮತದಿಂದ ಬಹುಮಾನ ನಿರ್ಧರಿಸುವುದನ್ನೂ ಮತ್ತೊಮ್ಮೆ ಯೋಚಿಸಬೇಕು. ಮಂಚ ತುಂಬುವ ಕೌದಿಯೆದುರು ಮೊಳದಷ್ಟು ಅಗಲದ ಕಾವಿ ಕೆಲಸಕ್ಕೆ ಯಾರೂ ಮತ ಹಾಕುವುದಿಲ್ಲ. ನಾಲ್ಕೂ ಬದಿ ಸೇರಿ ಇಷ್ಟೇ ಅಳತೆ ಮೀರಬಾರದೆಂಬ ಮಿತಿ ಹಾಕುವುದು ಬೇರೆ ಕಡೆಯ ಕ್ವಿಲ್ಟು ಬಳಗಗಳಲ್ಲಿ ರೂಢಿಯಲ್ಲಿದೆ. ಇಲ್ಲಿಯೂ ಅದನ್ನು ತರಬಹುದು.

ಮೆಷಿನ್ ಇಲ್ಲದವರು ಹಿಂಜರಿಯಬೇಕಿಲ್ಲ. ಕೈಯಿಂದ ಕೈಗೆ ಹೋಗುವುದನ್ನು ಬಿಟ್ಟು ಉಳಿದೆಲ್ಲ ಸವಾಲುಗಳನ್ನು ಸೂಜಿ ದಾರದಲ್ಲಿಯೇ ಮುಗಿಸಬಹುದು. ಒಳಪದರಕ್ಕೆ ಅಂಗಡಿಯವರು ತೋರಿಸುವ ದಪ್ಪ ಪಾಲಿಯೆಸ್ಟರ್ ವಾಡಿಂಗನ್ನು ಕೊಳ್ಳುವ ಮೊದಲು ಮನೆಯಲ್ಲಿರುವ ಹಳೆಯ ಹತ್ತಿ ಸೀರೆಯನ್ನು ಹಾಕಿ ನೋಡಿ: ಕೈಸೂಜಿಗೆ ಅದು ಸುಲಭ, ಕರಾವಳಿಯ ಸೆಕೆಗೆ ಹಗುರ, ಖರ್ಚೂ ಇಲ್ಲ. ಕಾರವಾರದಿಂದ ಬರುವವರು ಸಭೆ ಮಧ್ಯಾಹ್ನದ ಮೇಲೆ ಆರಂಭವಾಗಿ ಸಂಜೆಯವರೆಗೂ ಎಳೆಯುತ್ತದೆಂಬುದನ್ನು ನೆನಪಿಟ್ಟು, ಮರಳುವ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೊರಡುವುದು ಮೇಲು.