ಮಕ್ಕಳನ್ನು ಕಾಯುವ ಆ್ಯಪ್ ಅಂತ ಮಾರಲು ಬಂದರೆ ಹುಷಾರು

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆಯವರು ದಯವಿಟ್ಟು ಓದಿ. ಅಪಾರ್ಟ್‌ಮೆಂಟ್‌ಗಳಿಗೆ ಬಂದು, ಅಪ್ಪ ಅಮ್ಮಂದಿರನ್ನು ಕೂರಿಸಿ, ಮಕ್ಕಳ ಆನ್‌ಲೈನ್ ಸುರಕ್ಷತೆ ಅಂತ ಡೆಮೊ ಕೊಟ್ಟು ಆ್ಯಪ್ ಮಾರುತ್ತಿದ್ದಾರೆ. ವರ್ಷಕ್ಕೆ 2,999 ರೂಪಾಯಿ. ಎಂಟನೇ ಕ್ಲಾಸಿನ ಮಗಳ ಫೋನಿಗೆ ನಾನೂ ಹಾಕಿಸಿದೆ.

ಪ್ಲೇ ಸ್ಟೋರಿನಲ್ಲಿ ಅದು ಇಲ್ಲ. ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರ ಹಾಕಿಕೊಳ್ಳೋ ಆ್ಯಪ್ ಫೈಲ್) ಕಳಿಸುತ್ತಾರೆ. "ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಸಾರ್, ಸುಮ್ನೆ ತಂಟೆ ಮಾಡುತ್ತೆ" ಅಂದ ಬಂದಿದ್ದ ಹುಡುಗ. ಅಪಾಯದ ಆ್ಯಪ್‌ಗಳನ್ನು ಹಿಡಿಯೋ ಗೂಗಲ್‌ನ ಕಾವಲು ಅದು. ಆಮೇಲೆ ಅಕ್ಸೆಸಿಬಿಲಿಟಿ ಪರ್ಮಿಷನ್. ಅದೊಂದು ಸಿಕ್ಕರೆ ಸ್ಕ್ರೀನ್ ಮೇಲೆ ಬರುವುದನ್ನೆಲ್ಲ ಓದಬಹುದು.

ಮಂಡ್ಯದ ಬಾಮೈದನೂ ಮಗನ ಫೋನಿಗೆ ಹಾಕಿಸಲಿ ಅಂತ ನನ್ನ ಡ್ಯಾಶ್‌ಬೋರ್ಡ್ (ಮಗಳ ಫೋನಿನ ವಿವರ ನಾನು ನೋಡೋ ಪುಟ) ಲಿಂಕ್ ಕಳಿಸಿದೆ. ಪಾಸ್‌ವರ್ಡ್ ಕೇಳಿದರೆ ಫೋನ್ ಮಾಡು ಅಂದಿದ್ದೆ. ಕೇಳಲೇ ಇಲ್ಲ ಕಣ್ರೀ! ನೇರ ತೆರೆದುಕೊಂಡಿತು. ಮಗಳು ಟ್ಯೂಷನ್‌ನಲ್ಲಿ ಕೂತಿರುವ ಜಾಗ ಮ್ಯಾಪಿನಲ್ಲಿ, ಗೆಳತಿ ಜೊತೆಗಿನ ಚಾಟ್, ಎಲ್ಲಾ. "ಭಾವ, ಲಿಂಕಿನ ಕೊನೇಲಿ 7 ಇದೆಯಲ್ಲ, ಅದನ್ನ 8 ಮಾಡಿ ನೋಡಿ" ಅಂದ ಅವನು. ಮಾಡಿದೆ. ಯಾರ ಮನೆಯ ಹುಡುಗನೋ. ಯೂನಿಫಾರ್ಮ್ ಹಾಕಿದ ಫೋಟೊ, ಹೆಸರು, ಶಾಲೆಯಿಂದ ಮನೆಗೆ ಹೋಗುವ ದಾರಿ. ಎದೆ ಧಸಕ್ ಅಂತು. ತಕ್ಷಣ ಮುಚ್ಚಿದೆ. ಹಾಗಾದರೆ ನನ್ನ ಮಗಳನ್ನು ಯಾರ್ಯಾರು ಹೀಗೆ ನೋಡಿದ್ದಾರೋ! ಬಾಮೈದನ ಮುಂದೆ ಮಾನ ಹೋಯ್ತು, ಅದು ಬಿಡಿ. ಮಗಳಿಗೆ ಹೇಳಿದಾಗ, "ಅವಳು ತನ್ನ ಮನೆ ಜಗಳ ನನ್ನ ಹತ್ರ ಹೇಳ್ಕೊಂಡಿದ್ದಳು, ಅದೂ ಹೋಯ್ತಾ ಅಪ್ಪ?" ಅಂದಳು. ಆ ಗೆಳತಿಯ ಒಪ್ಪಿಗೆ ಯಾರು ಕೇಳಿದ್ದರು?

ಕಂಪನಿಗೆ ಫೋನ್ ಮಾಡಿದರೆ, "ಲಾಗಿನ್ ಇಲ್ಲದಿರೋದು ಕಸ್ಟಮರ್ ಅನುಕೂಲಕ್ಕೆ ಸಾರ್." ಅನುಕೂಲ ಅಂತೆ! ಡೇಟಾ ಅಳಿಸಿ ಅಂದರೆ, "ಅನ್‌ಇನ್‌ಸ್ಟಾಲ್ ಮಾಡಿ, ಸಾಕು." ಸರ್ವರ್‌ನಲ್ಲಿ ಇರೋದು? "ಮಗುವಿನ ಆಧಾರ್ ಕಾಪಿ ಕಳಿಸಿ, ನೋಡ್ತೀವಿ." ಇಷ್ಟಾದ ಮೇಲೆ ಆಧಾರ್ ಬೇರೆ! 2023ರ ಡೇಟಾ ಸಂರಕ್ಷಣಾ ಕಾಯ್ದೆಯ ಮಾತೆತ್ತಿದೆ. ಮಕ್ಕಳ ಡೇಟಾ ವಿಷಯದಲ್ಲಿ ತಪ್ಪಿದರೆ 200 ಕೋಟಿವರೆಗೆ ದಂಡ ಇದೆ ಅದರಲ್ಲಿ. "ಅದಿನ್ನೂ ಪೂರ್ತಿ ಜಾರಿಯಾಗಿಲ್ಲ ಸಾರ್" ಅಂತ ಉತ್ತರ. ನಿಜವೇ. ನಿಯಮಗಳು ಹೊರಬಂದಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು. ಗಡುವು ಬಾಯಿಪಾಠ ಬರುತ್ತೆ, ಲಿಂಕಿಗೊಂದು ಪಾಸ್‌ವರ್ಡ್ ಹಾಕೋಕೆ ಬರಲ್ಲ! ಕೊನೆಗೆ, "ಬೇರೆ ಮಗುವಿನ ಡೇಟಾ ನೋಡಿದ್ದೀರಿ, ನಿಮ್ಮ ಮೇಲೇ ಕಂಪ್ಲೇಂಟ್ ಕೊಡಬಹುದು" ಅಂದರು. ಬಾಗಿಲು ತೆಗೆದಿಟ್ಟವರು ಅವರು, ಕಳ್ಳ ನಾನು. ದುಡ್ಡೂ ವಾಪಸ್ ಇಲ್ಲ.

ಹೊರದೇಶದಲ್ಲೂ ಇದೇ ಕಥೆ. ಅಮೆರಿಕದ ಟೀನ್‌ಸೇಫ್ ಅನ್ನೋ ಇಂಥದ್ದೇ ಆ್ಯಪ್ 2018ರಲ್ಲಿ ಮಕ್ಕಳ ಆಪಲ್ ಐಡಿ, ಪಾಸ್‌ವರ್ಡ್‌ಗಳನ್ನು ಬೀಗವೇ ಇಲ್ಲದ ಸರ್ವರ್‌ನಲ್ಲಿ ಇಟ್ಟು ಸಿಕ್ಕಿಬಿದ್ದಿತ್ತು.

ಫೋನ್ ಬಳಸೋ ಸಮಯಕ್ಕೆ ಮಿತಿ ಹಾಕೋದಷ್ಟೇ ಬೇಕಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಇದೆ, ಪುಕ್ಕಟೆ. ಅದೂ ಮಗುವಿಗೆ ಹೇಳಿಯೇ ಹಾಕಿ. ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಅಂದವರನ್ನು ಅಲ್ಲಿಂದಲೇ ಸಾಗಹಾಕಿ.

ಈಗಾಗಲೇ ಹಾಕಿಸಿಕೊಂಡಿದ್ದರೆ ಇವತ್ತೇ ತೆಗೆಯಿರಿ. ಆ್ಯಪ್ ಪಟ್ಟಿಯಲ್ಲಿ ಕಂಪನಿ ಹೆಸರು ಹುಡುಕಬೇಡಿ, ಸಿಗಲ್ಲ. 'ಸಿಸ್ಟಮ್ ಸರ್ವಿಸ್' ಅಂತ ಕೂತಿರುತ್ತೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಕೊಟ್ಟಿರೋ ಡಿವೈಸ್ ಅಡ್ಮಿನ್ ಅಧಿಕಾರ ಆಫ್ ಮಾಡಿ, ಇಲ್ಲದಿದ್ದರೆ ಅನ್‌ಇನ್‌ಸ್ಟಾಲ್ ಆಗಲ್ಲ. ಯುಪಿಐ ಆಟೋಪೇ ಕೂಡ ರದ್ದು ಮಾಡಿ, ಮುಂದಿನ ವರ್ಷದ ದುಡ್ಡಿಗೂ ಈಗಲೇ ಒಪ್ಪಿಗೆ ಹಾಕಿಸಿಕೊಂಡಿರುತ್ತಾರೆ.