ಬ್ಯಾಕಪ್ ರಿಪೋರ್ಟ್‌ನಲ್ಲಿ ‘ಸಕ್ಸಸ್’ ಅಂತ ಬಂದ್ರೆ ನಂಬ್ಕೊಂಡು ಕೂರಬೇಡಿ, ನಮ್ಮ ಕಚೇರಿಗೆ ಆದದ್ದು ಓದಿ

ಸರ್ಕಾರಿ ಇಲಾಖೆಗಳಲ್ಲಿ ಐಟಿ ನೋಡ್ಕೊಳ್ಳೋರು, ಅದರಲ್ಲೂ ಹಳೇ ವೆಂಡರ್ (ಸಿಸ್ಟಮ್ ಮಾಡಿಕೊಟ್ಟು ನೋಡ್ಕೊಳ್ಳೋ ಕಂಪನಿ) ಕಾಂಟ್ರ್ಯಾಕ್ಟ್ ಮುಗಿದು ಹೊಸಬರು ಬರೋ ಹೊತ್ತಲ್ಲಿ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಕಚೇರಿ ಹೆಸರು, ಕಂಪನಿ ಹೆಸರು ಹಾಕಲ್ಲ. ಯಾರನ್ನೋ ಬೈಯೋಕೆ ಬರೀತಿಲ್ಲ, ಇದೇ ಥರದ ಸೆಟಪ್ ಇನ್ನೂ ಎಷ್ಟೋ ಕಡೆ ಇದೆ ಅಂತ ಗೊತ್ತಿರೋದಕ್ಕೆ ಬರೀತಿದೀನಿ.

ನಮ್ಮದು ಜನರಿಗೆ ಮಾಸಾಶನ ಮಂಜೂರು ಮಾಡೋ ಸಿಸ್ಟಮ್. ಅರ್ಜಿ ಹಾಕೋರು ವಯಸ್ಸಿನ ದಾಖಲೆ, ಅಂಗವೈಕಲ್ಯದ ಸರ್ಟಿಫಿಕೇಟು, ಗಂಡ ತೀರಿಕೊಂಡಿದ್ರೆ ಮರಣ ಪ್ರಮಾಣ ಪತ್ರ ಎಲ್ಲ ತಂದು ಕೊಡ್ತಾರೆ, ಕೌಂಟರ್‌ನಲ್ಲಿ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡ್ತಾರೆ, ಒರಿಜಿನಲ್ ವಾಪಸ್ ಕೊಟ್ಟು ಕಳಿಸ್ತಾರೆ. ಒಂದಿನ ಸರ್ವರ್‌ನ ಸ್ಟೋರೇಜ್ ಕೈ ಕೊಡ್ತು. ಯಾರೂ ಅಷ್ಟೊಂದು ಗಾಬರಿ ಆಗ್ಲಿಲ್ಲ, ಯಾಕಂದ್ರೆ ದಿನಾ ರಾತ್ರಿ ಬ್ಯಾಕಪ್ ಆಗ್ತಿತ್ತು, ಬೆಳಿಗ್ಗೆ ಮೇಲ್‌ನಲ್ಲಿ ‘ಸಕ್ಸಸ್’ ಅಂತ ರಿಪೋರ್ಟ್ ಬರ್ತಿತ್ತು, ಆ ರಿಪೋರ್ಟನ್ನೇ ಪ್ರಿಂಟ್ ತೆಗೆದು ಆಡಿಟ್‌ಗೂ ಕೊಡ್ತಿದ್ರು.

ಹೊಸ ಮಷೀನ್‌ಗೆ ರಿಸ್ಟೋರ್ ಮಾಡಿದ್ವಿ, ಅಂದ್ರೆ ಬ್ಯಾಕಪ್ ಕಾಪಿಯಿಂದ ಎಲ್ಲ ವಾಪಸ್ ಹಾಕಿದ್ವಿ. ಲಾಗಿನ್ ಆಯ್ತು, ಹೆಸರುಗಳೆಲ್ಲ ಬಂದ್ವು, ಮೊತ್ತ, ಮಂಜೂರಾತಿ ತಾರೀಕು ಎಲ್ಲ ಸರಿಯಾಗಿತ್ತು. ಸರಿ ಬಿಡಪ್ಪ ಅಂದ್ಕೊಂಡು ಒಂದು ಅರ್ಜಿ ತೆಗೆದು ಅದರ ದಾಖಲೆ ಮೇಲೆ ಕ್ಲಿಕ್ ಮಾಡಿದ್ರೆ ‘ಫೈಲ್ ಸಿಗುತ್ತಿಲ್ಲ’. ಇನ್ನೊಂದು ತೆಗೆದ್ರೂ ಅದೇ. ಇತ್ತೀಚಿನ ವರ್ಷಗಳ ಯಾವ ಅರ್ಜಿ ತೆಗೆದ್ರೂ ಅದೇ.

ಆಗಿದ್ದು ಏನಂದ್ರೆ, ಡೇಟಾಬೇಸ್ ಒಳಗೆ ಸ್ಕ್ಯಾನ್ ಮಾಡಿದ ಕಾಗದ ಇರ್ಲಿಲ್ಲ, ಅದು ಯಾವ ಫೋಲ್ಡರ್‌ನಲ್ಲಿದೆ ಅನ್ನೋ ವಿಳಾಸ ಮಾತ್ರ ಇತ್ತು. ಇದೇನೂ ತಪ್ಪಲ್ಲ, ಬಹಳ ಸಿಸ್ಟಮ್‌ಗಳು ಹೀಗೇ ಇರ್ತವೆ. ಆದ್ರೆ ಹಿಂದೆ ಯಾವಾಗ್ಲೋ ಡಿಸ್ಕ್ ತುಂಬಿದಾಗ ವೆಂಡರ್ ಕಡೆಯವರು ಹೊಸ ಡ್ರೈವ್ ಹಾಕಿ ಹೊಸ ಅಪ್‌ಲೋಡ್‌ಗಳೆಲ್ಲ ಅಲ್ಲಿಗೆ ಹೋಗೋ ಹಾಗೆ ಮಾಡಿದ್ರು, ಬ್ಯಾಕಪ್ ಜಾಬ್‌ನಲ್ಲಿ (ರಾತ್ರಿ ತಾನಾಗೇ ಕಾಪಿ ಮಾಡೋ ಪ್ರೋಗ್ರಾಮ್) ಮಾತ್ರ ಹಳೇ ಫೋಲ್ಡರ್ ವಿಳಾಸಾನೇ ಉಳೀತು. ಜಾಬ್ ದಿನಾ ರಾತ್ರಿ ಹೋಗಿ, ಹೊಸದೇನೂ ಬೀಳದ ಆ ಹಳೇ ಫೋಲ್ಡರನ್ನೇ ಕಾಪಿ ಮಾಡ್ಕೊಂಡು ಬರ್ತಿತ್ತು, ಎರರ್ ಏನೂ ಇಲ್ಲ, ಹಾಗಾಗಿ ಸಕ್ಸಸ್. ಬ್ಯಾಕಪ್‌ನ ಸೈಜ್ ತಿಂಗಳುಗಟ್ಟಲೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅರ್ಜಿಗಳು ದಿನಾ ಬರ್ತಿರೋವಾಗ ಬ್ಯಾಕಪ್ ಬೆಳೀತಿಲ್ಲ ಅಂದ್ರೆ ಅದೇ ದೊಡ್ಡ ಸೂಚನೆ, ಆದ್ರೆ ಆ ಸಂಖ್ಯೆ ರಿಪೋರ್ಟ್‌ನಲ್ಲಿ ಇರ್ತಾನೇ ಇರ್ಲಿಲ್ಲ.

ಇದರ ಏಟು ಬಿದ್ದಿದ್ದು ಜನಕ್ಕೆ. ದಾಖಲೆ ಇಲ್ದೆ ಪೆಂಡಿಂಗ್ ಅರ್ಜಿ ಮಂಜೂರು ಮಾಡೋ ಹಾಗಿಲ್ಲ, ಹಾಗಾಗಿ ಎಲ್ಲರಿಗೂ ಮತ್ತೆ ತನ್ನಿ ಅಂತ ನೋಟಿಸ್ ಹೋಯ್ತು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದ್ದ ಗಂಡನ ಮರಣ ಪ್ರಮಾಣ ಪತ್ರ ಬಿಚ್ಚಿ ಕೊಟ್ರು, ಮಡಿಕೆ ಇದ್ದಲ್ಲಿ ಹರಿದು ನೋಂದಣಿ ಸಂಖ್ಯೇನೇ ಓದೋಕೆ ಆಗ್ತಿರ್ಲಿಲ್ಲ. ಮೊದಲ ಸಲ ಸ್ಕ್ಯಾನ್ ಮಾಡಿದಾಗ ಅದು ಚೆನ್ನಾಗೇ ಇತ್ತಂತೆ. ಅವರದ್ದೇನು ತಪ್ಪು ಹೇಳಿ? ಕೌಂಟರ್‌ನಲ್ಲಿ ಕೂತ ಹುಡುಗಿ ದಿನವಿಡೀ ಬೈಗುಳ ತಿಂದ್ಲು, ಅವಳಿಗೂ ಸರ್ವರ್‌ಗೂ ಸಂಬಂಧಾನೇ ಇಲ್ಲ.

ವೆಂಡರ್ ಹತ್ರ ಹೋದ್ರೆ ಅದು ಇನ್ನೊಂದು ಕಥೆ. ಅಡ್ಮಿನ್ ಅಕೌಂಟ್‌ನ ರಿಕವರಿ ಓಟಿಪಿ ಅವರ ಕಂಪನಿ ಬಿಟ್ಟು ಹೋದ ಯಾರದ್ದೋ ಮೊಬೈಲ್‌ಗೆ ಹೋಗ್ತಿತ್ತು. ಸೋರ್ಸ್ ಕೋಡ್ (ಸಾಫ್ಟ್‌ವೇರ್‌ನ ಮೂಲ ಬರಹ) ಕೊಟ್ಟಿದೀವಿ ಅಂದ್ರು, ನಿಜ, ಸಿಡಿಯಲ್ಲಿ ಇತ್ತು, ಆದ್ರೆ ಅದು ಓಡ್ತಿದ್ದ ವರ್ಶನ್‌ಗಿಂತ ಹಳೇದು. ಡಾಕ್ಯುಮೆಂಟೇಶನ್ ಅಂತ ಕೊಟ್ಟಿದ್ದು ಸ್ಕ್ರೀನ್‌ಶಾಟ್ ಅಂಟಿಸಿದ ಯೂಸರ್ ಮ್ಯಾನುಯಲ್, ಯಾವ ಡ್ರೈವ್‌ನಲ್ಲಿ ಏನಿದೆ ಅನ್ನೋದು ಅದರಲ್ಲಿ ಒಂದು ಸಾಲೂ ಇಲ್ಲ.

ಸಣ್ಣ ಕಚೇರಿ, ಅದಕ್ಕೇ ಹೀಗಾಯ್ತು ಅಂದ್ಕೋಬೇಡಿ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರೋ ದಕ್ಷಿಣ ಕೊರಿಯಾದಲ್ಲೇ 2025ರ ಸೆಪ್ಟೆಂಬರ್‌ನಲ್ಲಿ ಡೇಜಾನ್ ಊರಿನ ಸರ್ಕಾರಿ ಡೇಟಾ ಸೆಂಟರ್‌ಗೆ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಬಿತ್ತು. ನೂರಾರು ಸರ್ಕಾರಿ ಸೇವೆ ನಿಂತುಹೋದ್ವು, ಆದ್ರೆ ನಿಂತಿದ್ದನ್ನ ಮತ್ತೆ ಓಡಿಸಬಹುದು. ನೌಕರರು ಕೆಲಸದ ಫೈಲ್ ಇಡ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಡೇಟಾ ಸುಟ್ಟೇ ಹೋಯ್ತು, ಸೈಜ್ ದೊಡ್ಡದು ಅಂತ ಅದಕ್ಕೆ ಹೊರಗಡೆ ಬ್ಯಾಕಪ್ಪೇ ಇಟ್ಟಿರ್ಲಿಲ್ಲ. ಇಂಗ್ಲೆಂಡ್‌ನಲ್ಲಿ 2020ರಲ್ಲಿ ಕೋವಿಡ್ ಪಾಸಿಟಿವ್ ಬಂದ 15,841 ಕೇಸುಗಳು ಲೆಕ್ಕಕ್ಕೆ ಬರೋದು ತಡವಾಯ್ತು, ಕಾರಣ ಹಳೇ ಎಕ್ಸೆಲ್ ಫಾರ್ಮ್ಯಾಟ್. ಅದರ ಒಂದು ಶೀಟ್‌ನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಸಲ್ಲ, ಮಿಕ್ಕಿದ್ದು ಬಿಟ್ಟುಹೋಗ್ತಿತ್ತು. ಅಲ್ಲೂ ಅಷ್ಟೇ, ಒಳಗೆ ಎಷ್ಟು ಹೋಯ್ತು ಆಚೆ ಎಷ್ಟು ಬಂತು ಅಂತ ತಾಳೆ ನೋಡಿದ್ರೆ ಮೊದಲ ದಿನಾನೇ ಗೊತ್ತಾಗ್ತಿತ್ತು.

ಹಾಗಾಗಿ ದಯವಿಟ್ಟು ಇಷ್ಟು ಮಾಡಿ. ಬೇರೆ ಖಾಲಿ ಮಷೀನ್ ಒಂದು ತಗೊಂಡು ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿಸಿ, ವೆಂಡರ್ ಕೈಲಿ ಅಲ್ಲ, ನಿಮ್ಮ ಸ್ಟಾಫ್ ಕೈಲಿ. ಲಾಗಿನ್ ಆಯ್ತು ಅಂತ ಎದ್ದು ಬರಬೇಡಿ. ತುಂಬ ಹಳೇ ಅರ್ಜಿ ಒಂದಷ್ಟು, ನಿನ್ನೆ ಮೊನ್ನೆಯವು ಒಂದಷ್ಟು ತೆಗೆದು ದಾಖಲೆ ಕಣ್ಣಾರೆ ಓದಿ, ಡೇಟಾಬೇಸ್‌ನಲ್ಲಿ ಎಷ್ಟು ದಾಖಲೆ ಅಂತಿದೆಯೋ ಫೋಲ್ಡರ್‌ನಲ್ಲೂ ಅಷ್ಟೇ ಫೈಲ್ ಇದೆಯಾ ಎಣಿಸಿ. ಒಂದು ಕಾಪಿ ಬೇರೆ ಕಟ್ಟಡದಲ್ಲಿ, ಆಗೋದಾದ್ರೆ ಬೇರೆ ಊರಲ್ಲೇ ಇರ್ಲಿ. ದಿನದ ರಿಪೋರ್ಟ್‌ನಲ್ಲಿ ಸಕ್ಸಸ್ ಪಕ್ಕ ಸೈಜು, ಫೈಲ್ ಸಂಖ್ಯೆ ಎರಡೂ ಬರೋ ಹಾಗೆ ಮಾಡಿಸಿ.

ಅಡ್ಮಿನ್ ಅಕೌಂಟ್ ಎಲ್ಲ ಹುದ್ದೆಯ ಹೆಸರಿನ ಮೇಲ್‌ನಲ್ಲಿರಲಿ, ವ್ಯಕ್ತಿ ಹೆಸರಲ್ಲಿ ಬೇಡ. ಸೋರ್ಸ್ ಕೋಡ್ ತಗೊಂಡ್ರೆ ಅದನ್ನ ನಿಮ್ಮ ಮಷೀನ್‌ನಲ್ಲೇ ಬಿಲ್ಡ್ ಮಾಡಿ (ಆ ಕೋಡ್‌ನಿಂದ ಓಡೋ ಪ್ರೋಗ್ರಾಮ್ ತಯಾರಿಸಿ), ಈಗ ಓಡ್ತಿರೋ ಸಿಸ್ಟಮ್ ಅದರಿಂದ ಎದ್ದು ನಿಲ್ಲುತ್ತಾ ನೋಡಿ. ಇದಿಷ್ಟೂ ಆಗೋ ತನಕ ವೆಂಡರ್‌ನ ಕೊನೇ ಬಿಲ್‌ಗೆ ಸಹಿ ಹಾಕಬೇಡಿ, ಮೇಲಿನವರು ಎಷ್ಟೇ ಅವಸರ ಮಾಡಿದ್ರೂ ರಿಸ್ಟೋರ್ ಟೆಸ್ಟ್ ಬಾಕಿ ಇದೆ ಅಂತ ಫೈಲ್‌ನಲ್ಲಿ ಬರೆದೇ ಕಳಿಸಿ. ಬಿಲ್ ಪಾಸಾದ ಮೇಲೆ ನಮ್ಮ ಫೋನನ್ನೂ ಅವರು ಎತ್ತುತ್ತಿರ್ಲಿಲ್ಲ.